ಮಂದೆ ನಿಂತ ಹೊಲ

ಯುಗಾದಿ ಕಳೆದ ಒಂಬತ್ತನೇ ದಿನ
ತುರುವನೂರು ರಸ್ತೆಯ ಧೂಳಿನಿಂದ ಚಿತ್ತಯ್ಯ ಇಳಿದು ಬಂದ:
ನೂರಾ ಅರವತ್ತು ಕುರಿ, ಎರಡು ಕತ್ತೆ,
ಕಂಬಳಿಯ ಮಡಿಕೆಯೊಳಗೆ ದಾರಿಯಲ್ಲಿ ಹುಟ್ಟಿದ ಮರಿ.
"ಎಷ್ಟು ರಾತ್ರಿ?"
"ಮೂರು," ಅಂದಳು ನಮ್ಮ ಅತ್ತಿಗೆ ತಿಪ್ಪಕ್ಕ.
"ಆ ಬದುವಿನ ಮಗ್ಗುಲಿನ ಬಿಳಿ ನೆಲಕ್ಕೆ ಮಾತ್ರ ನಾಲ್ಕು.
ಅದಕ್ಕೆ ಹಸಿವು ಜಾಸ್ತಿ."
ನಾನು ಬೇರೆ ಕಡೆ ನೋಡಿದೆ.

ರಾತ್ರಿಗೆ ಆರು ಸೇರು ಜೋಳ, ಒಂದು ಅಚ್ಚು ಬೆಲ್ಲ, ಚಾ ಪುಡಿ.
ಕರಾರು ಅಷ್ಟೇ, ಕಾಗದ ಇಲ್ಲ.
ಬಲೆ ಕಟ್ಟಿದ ಚೌಕದಲ್ಲಿ ಕುರಿಗಳು ಮಲಗಿದವು
ಒಂದರ ಉಸಿರಿಗೆ ಇನ್ನೊಂದು ಒರಗಿ.
ಬೆಳಗಾದರೆ ನೆಲದ ತುಂಬ ಕಪ್ಪು ಮಣಿ,
ಸರ ಹರಿದುಕೊಂಡು ಯಾರೋ ಓಡಿಹೋದ ಹಾಗೆ.
ಉಚ್ಚೆಯ ಘಾಟಿಗೆ ನನ್ನ ಕಣ್ಣಲ್ಲಿ ನೀರು.
"ಹೆಸರಲ್ಲೇ ತಿಪ್ಪೆ ಇಟ್ಕೊಂಡೋಳು ನಾನು,
ನನಗಿದು ತವರಿನ ವಾಸನೆ" ಅಂತ ಅವಳಿಗೆ ನಗು.

ರೋಹಿಣಿ ಬರಲಿಲ್ಲ,
ಹಿರಿಯೂರಿನಲ್ಲೇ ಇಳಿದುಕೊಂಡಳೋ ಏನೋ.
ಮೃಗಶಿರ ಒಂದು ಹದ ಕೊಟ್ಟಿತು.
ಎಂಟು ಸಾಲು ನವಣೆ, ಒಂದು ಸಾಲು ತೊಗರಿ,
ತೊಗರಿಗೆ ಜೊತೆಯಾಗಿ ಅವರೆ, ಸುತ್ತ ಪುಂಡಿ.
ಆಷಾಢದಲ್ಲಿ ಗುಡ್ಡದ ನೆತ್ತಿಯ ಗಾಳಿಯಂತ್ರಗಳು
ಹಗಲೂ ರಾತ್ರಿ ತಿರುಗಿದವು.
ಯಾವ ಊರಿಗೋ ಅದು ದೀಪ,
ನಮಗೆ ನೆಲದ ಹಸಿ ಎಷ್ಟು ಬೇಗ ಆರುತ್ತೆ ಅನ್ನುವ ಲೆಕ್ಕ.
ಪಾತ್ರೆ ತೊಳೆದ ನೀರು ಮಾತ್ರ
ತನ್ನ ಪಾಡಿಗೆ ಬಚ್ಚಲ ಹಿಂದಿನ ಬಸಳೆಗೆ ಹೋಗುತ್ತಿತ್ತು.

ಪುನರ್ವಸುವಿಗೆ ನಾವು ಬಿತ್ತದ್ದೂ ಎದ್ದಿತು.
ಬಳ್ಳಾರಿ ಜಾಲಿ, ಒಂದಲ್ಲ, ಮುನ್ನೂರು;
ಕುರಿಯ ಹೊಟ್ಟೆಯಲ್ಲಿ ಚಳ್ಳಕೆರೆಯಿಂದ ನಡೆದು ಬಂದ ಮುಳ್ಳು.
"ಎರಡೆಲೆಗೆ ಬೆರಳು, ಹತ್ತೆಲೆಗೆ ಗುದ್ದಲಿ,
ಬಿಟ್ಟರೆ ಜೆಸಿಬಿ," ಅನ್ನುತ್ತ
ತಿಪ್ಪಕ್ಕ ಕಾಲ್ಬೆರಳಲ್ಲೇ ಚಿವುಟುತ್ತ ನಡೆದಳು.
ಬಿಳಿ ನೆಲದಲ್ಲಿ ಇನ್ನೊಂದು ಇತ್ತು. ಒರಟು ಎಲೆ, ಹರಿಯುವ ಬಳ್ಳಿ.
"ಕೀಳಲೇ?"
"ತಡಿ. ಹೂ ಬಿಡಲಿ, ಮುಖ ನೋಡೋಣ."

ಹೇಳಿಬಿಡುತ್ತೇನೆ.
ಹಿಂದಿನ ವರ್ಷ ಆ ಜಾಗಕ್ಕೆ ನಾನು,
ಅವಳು ಸಂತೆಗೆ ಹೋದ ದಿನ,
ಅರ್ಧ ಚೀಲ ಯೂರಿಯಾ ಎರಚಿದ್ದೆ.
ವಾರದಲ್ಲಿ ಗಿಳಿಹಸಿರು. ನೋಡಿದವರೆಲ್ಲ ಹೊಗಳಿದರು.
ತೆನೆ ಬರುವ ಹೊತ್ತಿಗೆ ಒಂದೇ ಗಾಳಿ,
ಅಷ್ಟಗಲ ಮಲಗಿತು, ಚಾಪೆ ಹಾಸಿದಂತೆ.
ಖಾಲಿ ಚೀಲವನ್ನು ಒಗೆದು ಮಡಿಸಿ
ಕಾಳು ತುಂಬಲು ಇಟ್ಟವಳು ತಿಪ್ಪಕ್ಕನೇ.
ಒಂದು ಮಾತೂ ಆಡಿರಲಿಲ್ಲ.

ಮಘೆಯಲ್ಲಿ ಹಳದಿ ಹೂ,
ಹುಬ್ಬೆಯಲ್ಲಿ ಬೆರಳುದ್ದದ ಪಟ್ಟೆ ಪಟ್ಟೆ ಕಾಯಿ.
ಕಚ್ಚಿದೆ. ಕಹಿ. ಉಗಿದೆ.
ಅವಳು ಮೂಸಿ ಅಲ್ಲೇ ಕೂತಳು.
"ಬುಡಮೆಕಾಯಿ ಕಣೇ!
ನಮ್ಮವ್ವ ಮಜ್ಜಿಗೆಯಲ್ಲಿ ನೆನೆಸಿ ಮಾಳಿಗೆ ಮೇಲೆ ಒಣಗಿಸೋಳು.
ಹತ್ತೊಂಬತ್ತು ವರ್ಷ ಆಯ್ತು ಕಂಡು.
ಔಷಧಿ ಹೊಡೆಯೋ ಹೊಲದಲ್ಲಿ ಮೊದಲು ಸಾಯೋದು ಇದೇ."

ಹಸ್ತದಲ್ಲಿ ನವಣೆ ಕೊಯ್ದೆವು.
ಬಿಳಿ ನೆಲದ ತೆನೆ ಈ ಸಲ ಬಾಗಿತ್ತು, ಬಿದ್ದಿರಲಿಲ್ಲ.
ರಾಟವಾಳಗಳ ಪಾಲು ಅವು ಮೊದಲೇ ಒಯ್ದಿದ್ದವು,
ತಟ್ಟೆ ಬಡಿಯಲು ಹೋದ ನಾನು
ಅವು ತೆನೆಗೆ ಜೋತಾಡುವುದನ್ನು ನೋಡುತ್ತ ನಿಂತುಬಿಟ್ಟಿದ್ದೆ.
ಚಳಿಗೆ ಅವರೆಯ ಸೊಗಡು ಸೀರೆಗೆ ಅಂಟಿತು.
ತೊಗರಿ ಬಡಿದದ್ದು ಸಂಕ್ರಾಂತಿ ಆದ ಮೇಲೆ,
ಚೀಲ ಅದೇ, ಒಗೆದಿಟ್ಟದ್ದು.

ಮತ್ತೆ ಚಿತ್ತಯ್ಯ.
ಮರಿ ಈಗ ಟಗರು, ಕೊಂಬು ತಿರುವುತ್ತಿದೆ.
ಕರಿದ ಬುಡಮೆಕಾಯಿ ತಟ್ಟೆಯಲ್ಲಿಟ್ಟು ಕೇಳಿದೆ:
"ಇದು ಯಾರ ಹೊಲದ್ದು, ಹೇಳು?"
ಕಟಕ್ ಅಂತ ಕಚ್ಚಿದ. ಕುರಿಗಳ ಕಡೆ ಬಹಳ ಹೊತ್ತು ನೋಡಿದ,
ಅವುಗಳಲ್ಲಿ ಒಂದಾದರೂ ಒಪ್ಪಿಕೊಂಡೀತು ಎಂಬಂತೆ.
"ಯಾರದೋ," ಅಂದ.
"ಇನ್ನೆರಡು ಹಾಕವ್ವ."